ಖಡಕಿ ಪಕ್ಕದಲ್ಲೇ ಇದೆ, ತೋಟಾ ಮಾತ್ರ ಇಲ್ಲ

"ರೇಟ್ ಹೋದ ಸಲದ್ದೇ ಮೇಡಂ. ಮಾಲೇ ಬಂದಿಲ್ಲ."

ಬಂದೂಕಿನ ಅಂಗಡಿಯವರು ಫೋನಿನಲ್ಲಿ ಇಷ್ಟು ಹೇಳಿ ಸುಮ್ಮನಾದರು. ನನಗೆ ಸಿಟ್ಟಿಗಿಂತ ನಗು ಜಾಸ್ತಿ ಬಂತು. ಇಲ್ಲದ ವಸ್ತುವಿಗೆ ಹಳೇ ರೇಟ್ ಇದ್ದರೇನು, ಹೊಸ ರೇಟ್ ಇದ್ದರೇನು!

ನನ್ನ ಮಗಳಿಗೆ 17 ವರ್ಷ. 50 ಮೀಟರ್ ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಅವಳ ರೈಫಲ್ಲಿಗೆ ಬೇಕಾಗುವುದು ಪಾಯಿಂಟ್ ಟೂ ಟೂ ತೋಟಾ, ಅಂದರೆ ಸುಮಾರು 0.22 ಅಂಗುಲ ಅಗಲದ ಗುಂಡಿನದು. ಒಂದು ಅಂಗುಲ ಉದ್ದ, ಪೆನ್ಸಿಲ್‌ಗಿಂತ ಸಣ್ಣ. ಒಂದು ಡಬ್ಬಿಯಲ್ಲಿ 50 ಇರುತ್ತವೆ. ಅಭ್ಯಾಸದ ದಿನ ಒಂದೆರಡು ಡಬ್ಬಿ ಹೇಗೆ ಖಾಲಿಯಾಗುತ್ತೋ ಗೊತ್ತೇ ಆಗುವುದಿಲ್ಲ. ಕ್ಲಬ್ಬಿನ ಪಾಲಕರ ಪರವಾಗಿ ಅಂಗಡಿಗಳಿಗೆ ಫೋನ್ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹಾಗಾಗಿ ಕಳೆದ ಕೆಲವು ವರ್ಷಗಳಲ್ಲಿ ಗುಂಡಿನ ಮಾರುಕಟ್ಟೆಯ ಬಗ್ಗೆ ನಾನು ಬೇಕಾಗಿದ್ದಕ್ಕಿಂತ ಜಾಸ್ತಿ ಕಲಿತಿದ್ದೇನೆ.

ತಮಾಷೆ ಏನೆಂದರೆ, ನಮ್ಮ ಮನೆ ಪುಣೆಯ ಔಂಧ್‌ನಲ್ಲಿ. ಸ್ಕೂಟರ್ ಹತ್ತಿದರೆ ಸ್ವಲ್ಪ ಹೊತ್ತಿಗೇ ಖಡಕಿ. ಅಲ್ಲಿ 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ. 2021ರ ಅಕ್ಟೋಬರ್ 1ರಂದು ದೇಶದ ಸರ್ಕಾರಿ ಆಯುಧ ಕಾರ್ಖಾನೆಗಳನ್ನೆಲ್ಲ 7 ಕಂಪನಿಗಳಾಗಿ ಹಂಚಿದರು. ಅದರಲ್ಲಿ ಮದ್ದುಗುಂಡು ಮಾಡುವ ಮುನಿಷನ್ಸ್ ಇಂಡಿಯಾದ ಮುಖ್ಯ ಕಚೇರಿಯೂ ಪುಣೆಯಲ್ಲೇ. ಅಂದರೆ ದೇಶದ ಮದ್ದಿನ ಮನೆಯ ಬಾಗಿಲಲ್ಲೇ ನಾವು ಕೂತಿದ್ದೇವೆ. ಮಗಳ ತೋಟಾ ಮಾತ್ರ ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಬರಬೇಕು. ಬರದಿದ್ದರೆ ಅಭ್ಯಾಸ ಬಂದ್. ಇದು ಯಾಕೆ ಹೀಗೆ ಅಂತ ಬಂಧುಗಳೆಲ್ಲ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಒಂದು ಸಲ ಕೂತು ಬರೆಯುತ್ತಿದ್ದೇನೆ.

ಮೊದಲು ತೋಟಾ ಅಂದರೆ ಏನು ಅಂತ ನೋಡೋಣ. ನಮ್ಮೂರು ಶಿರಸಿ ಕಡೆ. ಅಪ್ಪನ ಹತ್ತಿರ ಮಂಗ, ಹಂದಿ ಹೆದರಿಸಲು ಕೋವಿ ಇತ್ತು. ಅದಕ್ಕೂ ಮೊದಲು ಅಜ್ಜನ ಕೇಪಿನ ಕೋವಿ. ಅದರಲ್ಲಿ ಎಲ್ಲವೂ ಬೇರೆ ಬೇರೆ. ನಳಿಗೆಗೆ ಮದ್ದು ಸುರಿಯಬೇಕು, ಚೆರೆ (ಸೀಸದ ಸಣ್ಣ ಕಾಳು) ಹಾಕಬೇಕು, ಗಜದಿಂದ ಜಡಿಯಬೇಕು, ಕೊನೆಗೆ ಕೇಪು ಇಡಬೇಕು. ಆಮೇಲೆ ತೋಟಾ ಕೋವಿ ಬಂತು. ಬೇಕಾದ ಸಾಮಾನೆಲ್ಲ ಒಂದೇ ಪೊಟ್ಟಣದಲ್ಲಿ ಕೂತವು. ಹೊರಗಿನ ಕೋಶ, ಒಳಗಿನ ಮದ್ದು, ಮುಂದೆ ಗುಂಡು ಅಥವಾ ಚೆರೆ, ಹಿಂದೆ ಕಿಡಿ ಹೊತ್ತಿಸುವ ಕೇಪು. ಇಂದಿನ ಒಲಿಂಪಿಕ್ ರೈಫಲ್ಲಿನ ತೋಟಾದಲ್ಲೂ ಇವೇ ನಾಲ್ಕು.

ಅಭಾವ ಅಂದ ಕೂಡಲೇ ಜನ ಸೀಸದ ಬೆಲೆ, ಹಿತ್ತಾಳೆಯ ಬೆಲೆ ಅಂತ ಮಾತಾಡುತ್ತಾರೆ. ಅದು ಅಷ್ಟು ಸರಿಯಲ್ಲ. ನಮ್ಮ ಕಟ್ಟಡದ ಕೆಳಗಿನ ಮಹಡಿಯಲ್ಲಿ ವಿಜಯಪುರದ ಕಡೆಯ ಒಬ್ಬ ಕಾಕಾ ಇದ್ದಾರೆ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಳಗಿನ ಕೆಲಸದ ಬಗ್ಗೆ ಒಂದು ಮಾತೂ ಆಡುವುದಿಲ್ಲ, ಅದು ಅವರ ಶಿಸ್ತು. ಆದರೆ ಒಂದು ಸಂಜೆ ಚಹಾ ಕುಡಿಯುತ್ತಾ ಇಷ್ಟು ಹೇಳಿದರು: "ನೋಡವ್ವಾ, ಹಿತ್ತಾಳಿ ಪ್ಯಾಟ್ಯಾಗ ಸಿಗತೈತಿ. ಸೀಸಾ ಸಿಗತೈತಿ. ಕೇಪ ಸಿಗೂದಿಲ್ಲ. ಕೇಪ ಇಲ್ಲಂದ್ರ ಉಳಿದದ್ದೆಲ್ಲ ಮೋಡಕಾ." ಮೋಡಕಾ ಅಂದರೆ ಗುಜರಿ.

ನನಗೆ ಈ ಇಡೀ ವಿಷಯ ತೆರೆದುಕೊಂಡದ್ದು ಆ ಮಾತಿನಿಂದ. ಕೇಪಿನೊಳಗಿನ ಮಿಶ್ರಣ ಒಂದು ಏಟಿಗೆ ಸಿಡಿಯುವಂಥದ್ದು. ಸಾಮಾನ್ಯವಾಗಿ ಅದರಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಲವಣ ಇರುತ್ತದೆ. ಬಡಿದರೆ, ಉಜ್ಜಿದರೆ, ಒಣಗಿದ ಹವೆಯಲ್ಲಿ ಮೈಯಿಂದ ಒಂದು ವಿದ್ಯುತ್ ಕಿಡಿ ಹಾರಿದರೂ ಅನಾಹುತ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಮಾಡಬೇಕು, ದಪ್ಪ ಗೋಡೆಗಳ ಮಧ್ಯೆ, ಪಳಗಿದ ಕೈಗಳಿಂದ. ಇನ್ನೊಂದು ಪಾಳಿ ಹಾಕಿ ಎರಡರಷ್ಟು ತೆಗೆಯೋಣ ಅನ್ನಲು ಇದು ಬಿಸ್ಕತ್ತಿನ ಕಾರ್ಖಾನೆ ಅಲ್ಲ. ಹೊಸ ಘಟಕ ಕಟ್ಟಲು ಜಾಗ, ಸುತ್ತ ಖಾಲಿ ಬಿಡಬೇಕಾದ ನೆಲ, ಅನುಮತಿ, ಯಂತ್ರ, ಕಲಿತ ಜನ ಎಲ್ಲ ಸೇರಿ ವರ್ಷಗಳೇ ಬೇಕು.

ಪಾಯಿಂಟ್ ಟೂ ಟೂ ಕಥೆ ಇನ್ನೂ ಒಂದು ಸುತ್ತು ಬೇರೆ. ದೊಡ್ಡ ತೋಟಾಗಳಲ್ಲಿ ಕೇಪು ಹಿಂಬದಿಯ ಮಧ್ಯದಲ್ಲಿ ಒಂದು ಪುಟ್ಟ ಬಟ್ಟಲಾಗಿ ಕೂತಿರುತ್ತದೆ. ಪಾಯಿಂಟ್ ಟೂ ಟೂನಲ್ಲಿ ಬೇರೆ ಕೇಪೇ ಇಲ್ಲ. ಕೋಶದ ಅಂಚು ಮಡಿಚಿಕೊಂಡಿರುತ್ತದಲ್ಲ, ಆ ಮಡಿಕೆಯೊಳಗೇ ಮಿಶ್ರಣ ಇರುತ್ತದೆ. ಹೀಗಾಗಿ ಅದರ ಯಂತ್ರಗಳೇ ಬೇರೆ. ಪಿಸ್ತೂಲಿನ ತೋಟಾ ಮಾಡುವ ಯಂತ್ರವನ್ನು ತಿರುಗಿಸಿ ಇದಕ್ಕೆ ಬಳಸಲು ಆಗುವುದಿಲ್ಲ, ಇದರದ್ದನ್ನು ಅದಕ್ಕೂ ಆಗುವುದಿಲ್ಲ. ಅಷ್ಟು ಕಷ್ಟಪಟ್ಟರೂ ಇದು ಅಗ್ಗದ ತೋಟಾ. ಮಾಡುವವನಿಗೆ ಉಳಿಯುವುದು ಕಡಿಮೆ. ಮದ್ದು, ಹಿತ್ತಾಳೆ, ಕೆಲಸಗಾರರು ಇಷ್ಟೇ ಇದ್ದಾರೆ ಅಂದಾಗ ಯಾವ ಕಂಪನಿಯೂ ಜಾಸ್ತಿ ಲಾಭದ ಮಾಲಿನ ಕಡೆಗೇ ವಾಲುತ್ತದೆ. ಸಾಲಿನಲ್ಲಿ ಹಿಂದೆ ನಿಲ್ಲುವುದು ನಮ್ಮ ಮಕ್ಕಳ ಡಬ್ಬಿ.

ಇನ್ನು ಮದ್ದು. ಹೊಗೆ ಕಡಿಮೆ ಬಿಡುವ ಇಂದಿನ ಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಅದು ಬರುವುದು ಹತ್ತಿಯಿಂದ ಅಂದರೆ ನಂಬುತ್ತೀರಾ? ಜಿನ್ನಿಂಗ್ ಮಾಡಿ ಅರಳೆ ತೆಗೆದ ಮೇಲೂ ಹತ್ತಿಕಾಳಿನ ಮೇಲೆ ಸಣ್ಣ ನವಿರು ಉಳಿದಿರುತ್ತದೆ. ಅದಕ್ಕೆ ಲಿಂಟರ್ ಅನ್ನುತ್ತಾರೆ. ಹುಬ್ಬಳ್ಳಿ ಕಡೆ ಹತ್ತಿಕಾಳು ದನಕ್ಕೆ ಹಾಕುವುದನ್ನು ನೋಡಿದವರಿಗೆ ಆ ನವಿರು ಗೊತ್ತಿರುತ್ತದೆ. ಅದನ್ನು ಶುದ್ಧ ಮಾಡಿ ಆಮ್ಲಗಳಲ್ಲಿ ಹದಗೊಳಿಸಿದರೆ ಮದ್ದಿನ ಕಚ್ಚಾ ಮಾಲು. ಮರದ ತಿರುಳಿನಿಂದಲೂ ಮಾಡುತ್ತಾರೆ. ಯುರೋಪಿನ ಕಾರ್ಖಾನೆಗಳು ಈ ಲಿಂಟರ್‌ಗೆ ಬಹುಪಾಲು ಚೀನಾವನ್ನು ನೆಚ್ಚಿಕೊಂಡಿದ್ದವು.

2022ರಲ್ಲಿ ಉಕ್ರೇನ್ ಯುದ್ಧ ಶುರುವಾಯಿತು. ಫಿರಂಗಿಯ 155 ಎಂಎಂ ಗುಂಡುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. 12 ತಿಂಗಳಲ್ಲಿ 10 ಲಕ್ಷ ಗುಂಡು ಕೊಡುತ್ತೇವೆ ಅಂತ ಯುರೋಪಿಯನ್ ಒಕ್ಕೂಟ 2023ರ ಮಾರ್ಚ್‌ನಲ್ಲಿ ಹೇಳಿತು. ಒಂದು ವರ್ಷ ಕಳೆದಾಗ ಕೊಟ್ಟದ್ದು ಸುಮಾರು ಅರ್ಧ. ದುಡ್ಡಿತ್ತು, ಮನಸ್ಸಿತ್ತು, ಮದ್ದು ಮತ್ತು ಯಂತ್ರ ಇರಲಿಲ್ಲ. 2,000 ಯೂರೋ ಇದ್ದ ಒಂದು ಗುಂಡಿನ ಬೆಲೆ 8,000 ಯೂರೋಗೆ ಹೋಗಿದೆ ಅಂತ ನ್ಯಾಟೋದ ಮಿಲಿಟರಿ ಸಮಿತಿಯ ಆಗಿನ ಅಧ್ಯಕ್ಷ ರಾಬ್ ಬಾವರ್ 2023ರ ಅಕ್ಟೋಬರ್‌ನಲ್ಲಿ ಹೇಳಿದ್ದರು.

ಎಲ್ಲಿಯ ಫಿರಂಗಿ, ಎಲ್ಲಿಯ ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜ್ ಅನ್ನಿಸುತ್ತದೆ ಅಲ್ವಾ? ಒಂದು ಲೆಕ್ಕ ಹಾಕಿ ನೋಡಿ. ಪಾಯಿಂಟ್ ಟೂ ಟೂ ತೋಟಾದಲ್ಲಿರುವ ಮದ್ದು ಸುಮಾರು 0.07 ಗ್ರಾಂ. 155 ಎಂಎಂ ಗುಂಡನ್ನು ಪೂರ್ತಿ ದೂರಕ್ಕೆ ಹಾರಿಸಲು 10 ಕಿಲೋಗೂ ಜಾಸ್ತಿ ಮದ್ದು ಬೇಕು. 10 ಕಿಲೋ ಅಂತಲೇ ಹಿಡಿದರೂ ಫಿರಂಗಿಯ ಒಂದು ಹೊಡೆತಕ್ಕೆ ಹೋಗುವ ಮದ್ದಿನ ತೂಕದಲ್ಲಿ ಸುಮಾರು 1,40,000 ಪುಟ್ಟ ತೋಟಾ ತುಂಬಬಹುದು. ಎರಡರ ಮದ್ದು ಒಂದೇ ತರಹದ್ದಲ್ಲ, ಕಾಳಿನ ಆಕಾರ, ಹದ ಎಲ್ಲ ಬೇರೆ. ಆದರೆ ಮೂಲದ ನೈಟ್ರೋಸೆಲ್ಯುಲೋಸ್ ಒಂದೇ. ಗಂಗಾಳದಲ್ಲಿ ಅನ್ನ ಇರುವುದು ಇಷ್ಟೇ, ಪಕ್ಕದಲ್ಲಿ ಭೀಮ ಬಂದು ಕೂತ ಹಾಗೆ.

ಅಪ್ಪನ ಚೆರೆಗೂ ಇದೇ ಗತಿ. ಸೀಸ ಮೆತ್ತಗಿರುತ್ತದೆ. ಅದನ್ನು ಗಟ್ಟಿ ಮಾಡಲು ಸ್ವಲ್ಪ ಆಂಟಿಮನಿ ಬೆರೆಸುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಚೀನಾ ಆಂಟಿಮನಿ ರಫ್ತಿಗೆ ಕಡಿವಾಣ ಹಾಕಿತು, ಡಿಸೆಂಬರ್‌ನಲ್ಲಿ ಅಮೆರಿಕಕ್ಕೆ ಕಳಿಸುವುದನ್ನೇ ನಿಲ್ಲಿಸಿತು. ಬೆಲೆ ಹಾರಿತು.

ಇಷ್ಟೆಲ್ಲ ಆದರೂ ಕಾರ್ಖಾನೆಯ ಕೊರತೆಯೊಂದೇ ಕಪಾಟು ಖಾಲಿ ಮಾಡುವುದಿಲ್ಲ. ಅರ್ಧ ಕೆಲಸ ನಾವೇ ಮಾಡುತ್ತೇವೆ. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಾಲ ಬೇಕಾಯಿತು.

ಒಂದು ಕ್ಲಬ್ ಇದೆ ಅಂದುಕೊಳ್ಳಿ. 40 ಮಕ್ಕಳು. ಒಬ್ಬೊಬ್ಬರಿಗೆ ತಿಂಗಳಿಗೆ 4 ಡಬ್ಬಿ. ಒಟ್ಟು 160. ಅಂಗಡಿಗೆ ಬರುವುದೂ 160. ಎಲ್ಲ ಸರಿಯಾಗಿ ನಡೆದಿದೆ. ಒಂದು ದಿನ ಯಾರೋ "ಮುಂದಿನ ಹಡಗು ತಡವಂತೆ" ಅನ್ನುತ್ತಾರೆ. ಪ್ರತಿ ಪಾಲಕರೂ ಎರಡು ತಿಂಗಳಿಗೆ ಆಗುವಷ್ಟು ತೆಗೆದಿಟ್ಟುಕೊಳ್ಳೋಣ ಅಂತ ಯೋಚಿಸುತ್ತಾರೆ. ದುರಾಸೆ ಏನಲ್ಲ, ಮಗುವಿನ ಸ್ಪರ್ಧೆ ತಪ್ಪಬಾರದು ಅಷ್ಟೇ. ಈಗ ಬೇಡಿಕೆ 160 ಅಲ್ಲ. ಈ ತಿಂಗಳದ್ದು 160, ಮೇಲೆ ಉಳಿಕೆಗೆ 320. ಒಟ್ಟು 480. ಯಾರೂ ಒಂದು ಗುಂಡನ್ನೂ ಜಾಸ್ತಿ ಹಾರಿಸಿಲ್ಲ, ಬೇಡಿಕೆ ಮಾತ್ರ ಮೂರು ಪಟ್ಟು ಆಯಿತು. ಹಡಗು ಸರಿಯಾದ ಸಮಯಕ್ಕೆ ಬಂದರೂ ಅಂಗಡಿ ಖಾಲಿ. ಖಾಲಿ ಕಪಾಟು ನೋಡಿದ ಉಳಿದವರಿಗೆ ಗಾಬರಿ. ಅವರು ಮೂರು ಅಂಗಡಿಗಳಲ್ಲಿ ಹೆಸರು ಬರೆಸುತ್ತಾರೆ. ಅಂಗಡಿಯವರಿಗೆ ಮೂರು ಗಿರಾಕಿ ಕಂಡ ಹಾಗೆ, ಇರುವುದು ಒಬ್ಬರೇ. ಅವರು ಆಮದುದಾರರಿಗೆ ಇನ್ನೂ ಉಬ್ಬಿಸಿ ಆರ್ಡರ್ ಕೊಡುತ್ತಾರೆ. ಮೇಲೆ ಹೋದಂತೆ ಅಲೆ ದೊಡ್ಡದಾಗುತ್ತದೆ.

ಹಾಗೆ ಹೆಸರು ಬರೆಸಿದವರಲ್ಲಿ ನಾನೂ ಒಬ್ಬಳು. ಸುಮ್ನೆ ಇರಲಿ ಅಂತ ಎರಡು ಕಡೆ ಹೇಳಿದ್ದೆ.

ಇದರ ಪರಿಣಾಮ ಹೇಗಿರುತ್ತೆ ಅಂತ ನೋಡಲು ಅಮೆರಿಕಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ಗುಂಡು ಕೊಳ್ಳುವುದು ಹೆಚ್ಚಿನ ಕಡೆ ದಿನಸಿ ಕೊಂಡ ಹಾಗೆ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಹತ್ಯಾಕಾಂಡ ನಡೆಯಿತು. ಕಾನೂನು ಬಿಗಿಯಾಗುತ್ತೆ ಅನ್ನುವ ಭಯಕ್ಕೆ ಜನ ಕೊಂಡು ಕೂಡಿಟ್ಟರು. ಮೊದಲು ಕಾಣೆಯಾದ್ದರಲ್ಲಿ ಪಾಯಿಂಟ್ ಟೂ ಟೂ ಒಂದು. ಅದರ ಬರ ವರ್ಷಗಟ್ಟಲೆ ಎಳೆಯಿತು.

ಆಮೇಲೆ 2020. ಕೋವಿಡ್, ಬೀದಿ ಗಲಭೆ, ಚುನಾವಣೆ ಮೂರೂ ಒಟ್ಟಿಗೆ. ಬಂದೂಕು ಕೊಳ್ಳುವವರ ಹಿನ್ನೆಲೆ ತಪಾಸಣೆಗೆ ಎಫ್‌ಬಿಐಗೆ ಬಂದ ಅರ್ಜಿಗಳು 2019ರಲ್ಲಿ ಸುಮಾರು 2.84 ಕೋಟಿ ಇದ್ದದ್ದು 2020ರಲ್ಲಿ ಸುಮಾರು 3.97 ಕೋಟಿಗೆ ಏರಿದವು. ಒಂದು ಅರ್ಜಿ ಅಂದರೆ ಒಂದು ಮಾರಾಟ ಅಂತೇನಲ್ಲ, ಆದರೆ ಗಾಳಿ ಯಾವ ಕಡೆ ಬೀಸುತ್ತಿತ್ತು ಅಂತ ತಿಳಿಯುತ್ತದೆ. 20 ಸೆಂಟ್ ಆಸುಪಾಸಿನಲ್ಲಿದ್ದ ಒಂದು 9 ಎಂಎಂ ತೋಟಾ ಮುಂದಿನ ತಿಂಗಳುಗಳಲ್ಲಿ 70 ಸೆಂಟ್ ದಾಟಿತು. ಇದರ ಮೇಲೆ ರಷ್ಯಾದ ಅಗ್ಗದ ತೋಟಾಗಳ ಹೊಸ ಆಮದಿಗೆ 2021ರ ಸೆಪ್ಟೆಂಬರ್‌ನಿಂದ ಅಲ್ಲಿನ ಸರ್ಕಾರ ತಡೆ ಹಾಕಿತು.

ಆಗಲೇ ಇನ್ನೊಂದು ವಿಚಿತ್ರ ನಡೆದಿತ್ತು. ಬೇಡಿಕೆ ಉಕ್ಕುತ್ತಿದ್ದ 2020ರ ಜುಲೈನಲ್ಲಿ ರೆಮಿಂಗ್ಟನ್ ಎಂಬ ಹಳೇ ಕಂಪನಿ ದಿವಾಳಿ ಅರ್ಜಿ ಹಾಕಿತು. 2018ರಲ್ಲೂ ಒಮ್ಮೆ ಹಾಕಿತ್ತು. ಅಮೆರಿಕದಲ್ಲಿ ಕೇಪು ಮಾಡುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು, ಅದರಲ್ಲಿ ಇದೊಂದು. ಗುಂಡಿಗಾಗಿ ಜನ ಬೆಳಗಿನ ಜಾವ ಸಾಲು ನಿಂತಿದ್ದಾಗ ಗುಂಡಿನ ಕಂಪನಿ ದಿವಾಳಿ! ಕಾರಣ ಹಿಂದಿನ ವರ್ಷಗಳಲ್ಲಿತ್ತು. ಭಯ ಇಳಿದು ಮಾರಾಟ ಕುಸಿದಿತ್ತು, ಸಾಲ ಬೆಳೆದಿತ್ತು. ಅದರ ಮದ್ದುಗುಂಡಿನ ವ್ಯವಹಾರವನ್ನು ವಿಸ್ಟಾ ಎಂಬ ಕಂಪನಿ 8.14 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಬೆಲೆ ಇಷ್ಟು ಏರಿದೆಯಲ್ಲ, ಹೊಸ ಕಾರ್ಖಾನೆ ಯಾಕೆ ಕಟ್ಟುವುದಿಲ್ಲ ಅಂತ ಕೇಳುವವರಿಗೆ ಉತ್ತರ ಇದೇ. ಮದ್ದುಗುಂಡಿನ ಬೇಡಿಕೆ ಜಾತ್ರೆಯ ಹಾಗೆ ಬಂದು ಹೋಗುತ್ತದೆ. ಜಾತ್ರೆ ನೋಡಿ ಕಲ್ಲಿನ ಅಂಗಡಿ ಕಟ್ಟಿದವನು ಉಳಿದ ದಿನ ನೊಣ ಹೊಡೆಯಬೇಕು. ಕಂಪನಿಗಳು ಇರುವ ಯಂತ್ರವನ್ನೇ ಹಗಲು ರಾತ್ರಿ ಓಡಿಸುತ್ತವೆ. ಸರ್ಕಾರವೊಂದು ಐದು, ಹತ್ತು ವರ್ಷ ಕೊಳ್ಳುತ್ತೇನೆ ಅಂತ ಬರೆದುಕೊಟ್ಟರೆ ಮಾತ್ರ ಹೊಸ ಗೋಡೆ ಏಳುತ್ತದೆ. ಅಂಥ ಭರವಸೆ ಫಿರಂಗಿ ಗುಂಡಿಗೆ ಸಿಗುತ್ತದೆ. ಕ್ರೀಡೆಯ ತೋಟಾಗೆ ಯಾರು ಕೊಡುತ್ತಾರೆ?

ಅಂಗಡಿಯವನು ಹಳೇ ಸ್ಟಾಕನ್ನು ಹೊಸ ಬೆಲೆಗೆ ಮಾರಿದರೆ ಮೋಸ ಅಂತ ನಮಗನ್ನಿಸುತ್ತದೆ. ಪುಣೆಯ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಬೆಲೆ ಏರಿದ ದಿನ ನಮ್ಮ ಬೀದಿಯ ಕೈಗಾಡಿಯವನೂ ಹೀಗೇ ಮಾಡುತ್ತಾನೆ. ನಿನ್ನೆ ತಂದ ಈರುಳ್ಳಿ, ಇವತ್ತಿನ ರೇಟ್. ಕೇಳಿದರೆ, "ಇದನ್ನ ಮಾರಿದ ದುಡ್ಡಲ್ಲೇ ನಾಳೆಯ ಮೂಟೆ ತರಬೇಕಲ್ಲ ತಾಯಿ" ಅನ್ನುತ್ತಾನೆ. ನ್ಯಾಯವೇ. ಹಳೇ ಬೆಲೆಗೆ ಮಾರಿದರೆ ಮುಂದಿನ ಮೂಟೆ ಚಿಕ್ಕದಾಗುತ್ತದೆ. ಗುಂಡಿನ ವ್ಯಾಪಾರಿಯ ಲೆಕ್ಕವೂ ಅದೇ. ಇಳಿಯುವಾಗ ಮಾತ್ರ ಎಲ್ಲರಿಗೂ ನಿಧಾನ. ದುಬಾರಿಗೆ ತಂದದ್ದು ಮುಗಿಯುವ ತನಕ ಯಾರೂ ಕೈ ಸಡಿಲ ಮಾಡುವುದಿಲ್ಲ. ಈರುಳ್ಳಿಗೆ ಕೆಲವು ತಿಂಗಳಲ್ಲಿ ಹೊಸ ಬೆಳೆ ಬರುತ್ತದೆ, ಕೇಪಿನ ಕಾರ್ಖಾನೆ ಅಷ್ಟು ಬೇಗ ಬೆಳೆಯುವುದಿಲ್ಲ.

ಹಾಗಾದರೆ ನಮ್ಮ ಅಂಗಡಿಯವರು "ರೇಟ್ ಅದೇ" ಅಂದದ್ದು ಯಾಕೆ? ಅಮೆರಿಕದ ಕಥೆ ನಮ್ಮಲ್ಲಿ ಪೂರ್ತಿ ಹೊಂದುವುದಿಲ್ಲ. ಇಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ, 2016ರ ನಿಯಮಗಳಿವೆ. ಪರವಾನಗಿಯಲ್ಲಿ ವರ್ಷಕ್ಕೆ ಎಷ್ಟು ತೋಟಾ, ಒಂದು ಸಲಕ್ಕೆ ಎಷ್ಟು ಅಂತ ಬರೆದಿರುತ್ತದೆ. ಕೊಂಡಾಗ ಅದು ದಾಖಲಾಗುತ್ತದೆ. ಗಾಬರಿಯಾಯಿತು ಅಂತ ಹತ್ತು ಪಟ್ಟು ಕೊಳ್ಳಲು ಕಾಗದವೇ ಬಿಡುವುದಿಲ್ಲ. ಹಾಗಾಗಿ ಅಲ್ಲಿನಂಥ ಹುಚ್ಚು ಖರೀದಿ ಇಲ್ಲಿ ಆಗುವುದಿಲ್ಲ, ಬೆಲೆಯೂ ರಾತ್ರೋರಾತ್ರಿ ಮೂರು ಪಟ್ಟಾಗುವುದಿಲ್ಲ. ಅಲ್ಲಿ ಅಭಾವ ಬೆಲೆಯ ಚೀಟಿಯಲ್ಲಿ ಕಾಣುತ್ತದೆ. ಇಲ್ಲಿ ಕ್ಯಾಲೆಂಡರಿನಲ್ಲಿ ಕಾಣುತ್ತದೆ. ಮುಂದಿನ ವಾರ, ಮುಂದಿನ ತಿಂಗಳು, ದೀಪಾವಳಿ ಕಳೆಯಲಿ.

ಪೂರ್ತಿ ಸಾಚಾ ಅಂತಲೂ ಅಲ್ಲ. ಒಮ್ಮೆ ಒಂದು ಅಂಗಡಿಯಲ್ಲಿ ತೋಟಾ ಹಳೇ ಬೆಲೆಗೇ ಕೊಟ್ಟರು, ಜೊತೆಗೆ ನಮಗೆ ಬೇಡದ ನಳಿಗೆ ತೊಳೆಯುವ ಎಣ್ಣೆಯನ್ನೂ ಕಟ್ಟಿದರು. ಎಣ್ಣೆಯ ಬೆಲೆ ನೋಡಿದಾಗ ಅಭಾವದ ಬೆಲೆ ಎಲ್ಲಿ ಅಡಗಿದೆ ಅಂತ ತಿಳಿಯಿತು. ಚಿಕ್ಕವಳಿದ್ದಾಗ ಸಕ್ಕರೆ ಬೇಕಾದರೆ ಸೋಪೂ ಕೊಳ್ಳಬೇಕು ಅಂತಿದ್ದ ಅಂಗಡಿ ನೆನಪಾಯಿತು.

ಇಲ್ಲಿ ಮಡಿಕೇರಿಯ ಗೆಳತಿಯೊಬ್ಬಳು ನಗುತ್ತಾಳೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ ತನಕ ವಿಸ್ತರಿಸಿತು. "ನಮಗೇನು ಚಿಂತೆ" ಅಂತಾಳೆ. ವಿನಾಯಿತಿ ಕೋವಿಗೆ ಸಿಕ್ಕಿದೆ ಕಣೇ, ಅಂಗಡಿಯ ಕಪಾಟಿಗಲ್ಲ ಅಂತ ನಾನು.

ವರ್ಷಕ್ಕೆ ಇಷ್ಟೇ ತೋಟಾ ಅನ್ನುವ ಮಿತಿ ಕ್ರೀಡಾಪಟುಗಳಿಗೆ ಸಾಮಾನ್ಯರಿಗಿಂತ ಜಾಸ್ತಿ. 2020ರ ಫೆಬ್ರವರಿಯಲ್ಲಿ ಗೃಹ ಸಚಿವಾಲಯ ಅದನ್ನು ಇನ್ನೂ ಹೆಚ್ಚಿಸಿತು. ಎಲ್ಲರೂ ಸಿಹಿ ಹಂಚಿದರು. ಮಾರ್ಚ್ 25ಕ್ಕೆ ದೇಶವೇ ಲಾಕ್‌ಡೌನ್. ಕಾಗದದಲ್ಲಿ ತೋಟಾ ಜಾಸ್ತಿ ಆದವು, ಕೈಯಲ್ಲಿ ಅಲ್ಲ.

ವಿದೇಶದ ತೋಟಾ ಯಾಕೆ ಬೇಕು, ನಮ್ಮಲ್ಲೇ ಮಾಡುವುದಿಲ್ಲವೇ? ಮಾಡುತ್ತಾರೆ. ನಮ್ಮ ಸರ್ಕಾರಿ ಕಾರ್ಖಾನೆಗಳ ಪಾಯಿಂಟ್ ಟೂ ಟೂ ಹಾರಿಸಿಯೇ ಎನ್‌ಸಿಸಿ ಮಕ್ಕಳು ಗುರಿ ಕಲಿಯುವುದು. ಕಲಿಕೆಗೆ ಅದು ಸಾಕು. ಆದರೆ 50 ಮೀಟರ್ ರೈಫಲ್ ಗುರಿಹಲಗೆಯಲ್ಲಿ 10ರ ವೃತ್ತದ ಅಗಲ 10.4 ಮಿಲಿಮೀಟರ್. ಗುಂಡಿನ ಅಗಲವೇ 5.6. ಫೈನಲ್‌ನಲ್ಲಿ ದಶಮಾಂಶ ಲೆಕ್ಕ, 10.9 ತನಕ. ಗುಂಡು ನಡುವಿನಿಂದ 0.8 ಮಿಲಿಮೀಟರ್ ಸರಿದರೆ 0.1 ಅಂಕ ಹೋಯಿತು. ತೋಟಾ ಸೆಕೆಂಡಿಗೆ 325 ಮೀಟರ್ ವೇಗದ್ದು ಅಂದುಕೊಳ್ಳಿ. ಒಂದು ಗುಂಡು ಬರೀ 3 ಮೀಟರ್ ನಿಧಾನವಾದರೆ 50 ಮೀಟರ್ ದೂರದಲ್ಲಿ ಅದು 2 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಮಗು ಏನೂ ತಪ್ಪು ಮಾಡಿಲ್ಲ, ಅಂಕ ಹೋಯಿತು. ಬರ್ಮಿಂಗ್‌ಹ್ಯಾಮಿನ ಈಲಿ, ಜರ್ಮನಿಯಲ್ಲಿ ತಯಾರಾಗುವ ಲಾಪುವಾ ಮತ್ತು ಆರ್‌ಡಬ್ಲ್ಯೂಎಸ್ ತೋಟಾಗಳಿಗೆ ಜನ ದುಡ್ಡು ಸುರಿಯುವುದು ಇದಕ್ಕೇ. ಅವು ಜೋರು ಅಂತಲ್ಲ. ಒಂದರ ಹಾಗೆ ಇನ್ನೊಂದು ಅಂತ.

ಹೀಗೆ ಕೊಳ್ಳುವಾಗ ದರ ಯೂರೋ, ಪೌಂಡ್‌ನಲ್ಲಿ. ರೂಪಾಯಿ ಬಿದ್ದರೆ ಕಾರ್ಖಾನೆ ಒಂದು ಪೈಸೆ ಏರಿಸದಿದ್ದರೂ ನಮಗೆ ದುಬಾರಿ. ತರುವ ದಾರಿಯೂ ಸುಲಭವಲ್ಲ. ತೋಟಾ ಅಪಾಯಕಾರಿ ಸರಕು. ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದಕ್ಕೆ 0012 ಅಂತ ನಂಬರ್ ಇದೆ. ಸ್ಫೋಟಕಗಳ ಪೈಕಿ ಕಡಿಮೆ ಅಪಾಯದ 1.4ಎಸ್ ಗುಂಪು. ಆದರೂ ಎಲ್ಲ ಹಡಗು, ಎಲ್ಲ ವಿಮಾನ ಒಪ್ಪುವುದಿಲ್ಲ. ಆಮದು ಪರವಾನಗಿ ಬೇಕು, ಕಸ್ಟಮ್ಸ್ ಕಾಗದ ಬೇಕು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿನ ಎಷ್ಟೋ ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿದವು. ಅದಕ್ಕೇ ಹತ್ತು ದಿನಕ್ಕಿಂತ ಜಾಸ್ತಿ. ವಿದೇಶಕ್ಕೆ ಸ್ಪರ್ಧೆಗೆ ಹೋದ ಮಕ್ಕಳೇ ತರಬಹುದಲ್ಲ ಅಂತ ನಮ್ಮತ್ತೆ ಕೇಳಿದ್ದರು. ವಿಮಾನ ಕಂಪನಿ ಒಪ್ಪಿದರೆ ಒಬ್ಬರಿಗೆ 5 ಕಿಲೋ. ಪೊಟ್ಟಣ ಸೇರಿ ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ 1,400 ತೋಟಾ. ಅದಕ್ಕೂ ಆಮದಿನ ಕಾಗದ ತಪ್ಪಿದ್ದಲ್ಲ.

ಈಗ ಅಭಾವದ ನಿಜವಾದ ಪೆಟ್ಟಿಗೆ ಬರುತ್ತೇನೆ. ಅದು ಬೆಲೆಯಲ್ಲೂ ಇಲ್ಲ, ಕಾಯುವುದರಲ್ಲೂ ಇಲ್ಲ. ಡಬ್ಬಿಯ ಮೇಲಿನ ಲಾಟ್ ನಂಬರಿನಲ್ಲಿದೆ. ಲಾಟ್ ಅಂದರೆ ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ತೋಟಾಗಳ ಒಂದು ಕಂತು.

ಒಂದೇ ಕಂಪನಿ, ಒಂದೇ ಹೆಸರಿನ ತೋಟಾ ಆದರೂ ಪ್ರತಿ ಲಾಟ್ ಒಂದು ಕೂದಲೆಳೆಯಷ್ಟು ಬೇರೆ. ಪ್ರತಿ ರೈಫಲ್ಲಿನ ನಳಿಗೆಯೂ ಬೇರೆ. ಯಾವ ನಳಿಗೆಗೆ ಯಾವ ಲಾಟ್ ಒಗ್ಗುತ್ತೆ ಅಂತ ಮೊದಲೇ ಹೇಳಲು ಬರುವುದಿಲ್ಲ. ರೈಫಲ್ಲನ್ನು ಅಲುಗದ ಹಾಗೆ ಸ್ಟ್ಯಾಂಡಿಗೆ ಬಿಗಿದು, ಬೇರೆ ಬೇರೆ ಲಾಟ್‌ಗಳ ಗುಂಡು ಹಾರಿಸಿ, ಯಾವುದರ ತೂತುಗಳು ಒಂದರ ಮೇಲೊಂದು ಬೀಳುತ್ತವೆ ಅಂತ ನೋಡಬೇಕು. ಹೊಂದಿದ್ದು ಸಿಕ್ಕರೆ ಇಡೀ ವರ್ಷಕ್ಕೆ ಆಗುವಷ್ಟು ಅದೇ ಲಾಟ್ ಕೊಂಡಿಟ್ಟುಕೊಳ್ಳುತ್ತಾರೆ. ಮಾಲು ಧಾರಾಳ ಇದ್ದಾಗ ಇದು ಆಯ್ಕೆ. ಅಭಾವದಲ್ಲಿ ಸಿಕ್ಕಿದ್ದೇ ಪ್ರಸಾದ. ಈ ತಿಂಗಳು ಒಂದು ಲಾಟಿನ ಮೂರು ಡಬ್ಬಿ, ಮುಂದಿನ ತಿಂಗಳು ಇನ್ನೊಂದರ ಎರಡು. ಅಂಕ ಇಳಿದರೆ ತಪ್ಪು ತೋಳಿನದೋ, ಉಸಿರಿನದೋ, ತೋಟಾದ್ದೋ ಅಂತ ತಿಳಿಯುವುದೇ ಇಲ್ಲ. 17ರ ಹುಡುಗಿಗೆ ಇದಕ್ಕಿಂತ ದೊಡ್ಡ ಹಿಂಸೆ ಇಲ್ಲ. "ಅಮ್ಮ, ನಾನು ಕೆಟ್ಟಿದ್ದೀನಾ, ಡಬ್ಬಿ ಕೆಟ್ಟಿದೆಯಾ?" ಅಂತ ಒಂದು ರಾತ್ರಿ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಅನುಕೂಲ ಇದ್ದವರು ಈ ಕಷ್ಟ ದಾಟುತ್ತಾರೆ. ರಾಷ್ಟ್ರೀಯ ತಂಡದವರಿಗೆ ಸಂಘ, ಸರ್ಕಾರ ಹೇಗೋ ಹೊಂದಿಸುತ್ತವೆ, ಅದು ಸರಿಯೂ ಹೌದು. 2024ರ ಆಗಸ್ಟ್ 1ರಂದು ಪ್ಯಾರಿಸ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಇದೇ 50 ಮೀಟರ್ ರೈಫಲ್‌ನಲ್ಲಿ 451.4 ಅಂಕ ಹೊಡೆದು ಕಂಚು ತಂದಾಗ ನಮ್ಮ ಕ್ಲಬ್ಬಿನಲ್ಲಿ ಹಬ್ಬ. ಮರುವಾರವೇ ಹೊಸ ಮಕ್ಕಳು ಸೇರಲು ಬಂದರು. ತೋಟಾದ ಸಾಲು ಇನ್ನಷ್ಟು ಉದ್ದವಾಯಿತು. ಖುಷಿಗೂ ಒಂದು ಬೇಡಿಕೆ ಇರುತ್ತೆ ನೋಡಿ!

ಕೋಚ್ ಹೇಳಿಕೊಟ್ಟ ದಾರಿ ಸರಳ. ಒಗ್ಗಿದ ಲಾಟಿನ ಡಬ್ಬಿಗಳ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ ಸ್ಪರ್ಧೆಗೆ ಎತ್ತಿಡಬೇಕು. ಅವು ಕ್ಲಬ್ಬಿನ ಬೀಗದ ಕಪಾಟಿನಲ್ಲೇ ಇರುತ್ತವೆ. ಅಭ್ಯಾಸಕ್ಕೆ ಸಿಕ್ಕ ತೋಟಾ. ವಾರದಲ್ಲಿ ಕೆಲವು ದಿನ ತೋಟಾ ಇಲ್ಲದೆ ಒಣ ಅಭ್ಯಾಸ: ನಿಲ್ಲುವುದು, ಹಿಡಿಯುವುದು, ಉಸಿರು ಬಿಡುವುದು, ಕುದುರೆ (ಟ್ರಿಗರ್) ಒತ್ತುವುದು, ಅಷ್ಟೇ. ಉಳಿದ ದಿನ 10 ಮೀಟರ್ ಏರ್ ರೈಫಲ್. ಅದಕ್ಕೆ ಮದ್ದೂ ಬೇಡ, ಕೇಪೂ ಬೇಡ, ಸಣ್ಣ ಸೀಸದ ಪೆಲೆಟ್ ಸಾಕು. ಈ ವಿಷಯದಲ್ಲಿ ಏರ್ ರೈಫಲ್ ಮಕ್ಕಳ ಅಪ್ಪ ಅಮ್ಮಂದಿರನ್ನು ನೋಡಿದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಪಾಲಕರ ಸಭೆಯಲ್ಲಿ ನಾನು ಒಂದು ಮಾತು ಹಟ ಹಿಡಿದು ಒಪ್ಪಿಸಿದೆ. ಮೂರು ಅಂಗಡಿಗಳಲ್ಲಿ ಹೆಸರು ಬರೆಸುವುದು ನಿಲ್ಲಲಿ. ಕ್ಲಬ್ಬಿನ ಹೆಸರಲ್ಲಿ ಒಂದೇ ಕಡೆ, ವರ್ಷಕ್ಕೆ ಇಷ್ಟು ಅಂತ ಮುಂಚೆಯೇ ಆರ್ಡರ್ ಕೊಡೋಣ, ಅದೂ ಯಾರಿಗೂ ಗಾಬರಿ ಇಲ್ಲದ ಮಳೆಗಾಲದಲ್ಲಿ. ಖಜಾಂಚಿಯವರಿಗೆ ಇಷ್ಟವಾಗಲಿಲ್ಲ. ಅಷ್ಟು ದುಡ್ಡು ಡಬ್ಬಿಗಳಲ್ಲಿ ಕೂತುಬಿಡುತ್ತೆ, ಬಡ್ಡಿ ಯಾರು ಕೊಡುತ್ತಾರೆ ಅಂದರು. ಅವರ ಮಾತೂ ಖರೆ. ಕಾರ್ಖಾನೆಯವರು ಹೊಸ ಯಂತ್ರ ಕೊಳ್ಳದೆ ಇರುವುದೂ ಇದೇ ಲೆಕ್ಕಕ್ಕೆ ಅಲ್ವಾ? ಕೊನೆಗೆ ಅರ್ಧಕ್ಕೆ ಒಪ್ಪಿದರು.

ಹೋದ ವಾರ ಅಂಗಡಿಯವರದ್ದೇ ಫೋನ್ ಬಂತು. ಮಾಲು ಬಂದಿದೆ, ರೇಟ್ ಸ್ವಲ್ಪ ಏರಿದೆ ಅಂದರು. ಎಷ್ಟು ಏರಿದೆ ಅಂತ ನಾನು ಕೇಳಲೇ ಇಲ್ಲ. ಲಾಟ್ ನಂಬರ್ ಓದಿ ಹೇಳಿ ಅಂದೆ.